ಹನ್ನೊಂದು ನಿಮಿಷದಲ್ಲಿ ದುಪ್ಪಟ್ಟು

...ಹನ್ನೊಂದು ನಿಮಿಷ, ಲೈಲ್! ಹನ್ನೊಂದೇ ನಿಮಿಷದಲ್ಲಿ ಎಕ್ಸ್-ರೇ ಬೆಳಕು ದುಪ್ಪಟ್ಟು! ನಿನ್ನ ಗೆಲಾಕ್ಸಿನೇ ಮಾರಾಯಾ, ಮಿನುಗುತ್ತೆ ಅಂತ ಹತ್ತೊಂಬತ್ತು ವರ್ಷ ನೀನು ಕಾದು ಕೂತಿದ್ಯಲ್ಲ, ಅದೇ ಸೋಂಬೇರಿ! ಹುಬ್ಬು ಯಾಕೆ ಏರಿಸ್ತೀಯಾ? ಈ ಮಾರ್ಲಿಸ್ ಯಾವತ್ತಾದ್ರೂ ನಿನಗೆ ಸುಳ್ಳು ಹೇಳಿದ್ದಾಳಾ? ...ಆ ಕೇಕ್ ವಿಷಯ ಬಿಡು. ಅಂಗಡಿದನ್ನ ಮನೇಲೇ ಮಾಡ್ದೆ ಅಂದೆ, ಅಷ್ಟೇ.

ನೋಡಿಲ್ಲಿ, ಗ್ರಾಫಿನ ಈ ಗೆರೆ. ಸಪ್ಪಗೆ ಹೋಗ್ತಾ ಹೋಗ್ತಾ... ಏರ್ತು! ನೀನೇ ಪಾಠ ಹೇಳ್ತಿದ್ದಲ್ಲ, ಈ ತುದಿಯ ಬೆಳಕು ಆ ತುದಿ ಮುಟ್ಟೋಕೆ ಹೊತ್ತು ಬೇಕು, ದೊಡ್ಡದು ಬೇಗ ಮಿನುಗಲ್ಲ ಅಂತ? ಹಾಗಾದ್ರೆ ಇದೆಷ್ಟು ಚಿಕ್ಕ ಜಾಗ! ಕಪ್ಪುಕುಳಿಯ ಹೊಸ್ತಿಲಲ್ಲೇ ನಿಂತಿದ್ದೀವಿ ಕಣೋ!

ಶುಕ್ರವಾರ ನಿನ್ನ ರಿಟೈರ್‌ಮೆಂಟ್ ಬೀಳ್ಕೊಡುಗೆಯಂತೆ. ಕ್ಯಾನ್ಸಲ್! ಇಂಥದ್ದೇನಾದ್ರೂ ಸಿಕ್ಕಿದ್ರೆ ಇನ್ನೊಂದು ವರ್ಷ ನಿನ್ನ ಇಟ್ಕೋತೀವಿ ಅಂತ ನಮ್ಮ ವಿಭಾಗದ ಮುಖ್ಯಸ್ಥರೇ ಅಂದಿದ್ದಾರೆ. ಮಿನ್ನೆಸೋಟಾ ಬಿಟ್ಟು ಅರಿಜೋನಾಗೆ ಹೋಗಿ ಏನ್ ಮಾಡ್ತೀಯಾ? ಗಾಲ್ಫಾ? ನೀನು ಆಡೋದು ನೋಡಿದ್ರೆ ಚೆಂಡಿಗೇ ನಾಚಿಕೆ ಆಗುತ್ತೆ...

ಸ್ಕೇಲ್ ಯಾಕೆ ತಗೊಂಡೆ? ಅಯ್ಯೋ, ವೃತ್ತ ಯಾಕಪ್ಪಾ ಅಳೀತೀಯಾ? ಚಿತ್ರದಲ್ಲಿ ಗೆಲಾಕ್ಸಿ ಸುತ್ತ ಒಂದು ವೃತ್ತ ಎಳೀತೀವಿ, ಒಳಗೆ ಬಿದ್ದ ಎಕ್ಸ್-ರೇ ಎಣಿಸ್ತೀವಿ. ನಿನಗೆ ಗೊತ್ತಿಲ್ಲದ್ದಾ? ...ಹ್ಞೂಂ, ಸ್ವಲ್ಪ ದೊಡ್ಡದಾಗಿದೆ. ಕೈ ಜಾರ್ತು. ...ಅಂಚಲ್ಲಿರೋ ಆ ಚುಕ್ಕೆನಾ? ಅದು... ಒಂದು ಪುಟ್ಟ ಕೆಂಪು ನಕ್ಷತ್ರ. ನಮ್ಮದೇ ಅಕ್ಕಪಕ್ಕದ್ದು. ಪಾಪದ್ದು. ಆಗಾಗ... ಭುಗ್ ಅನ್ನುತ್ತೆ.

ಹಾಗೆ ನೋಡ್ಬೇಡ್ವೋ.

ಆ ಸ್ಕೇಲ್ ಕೆಳಗಿಡು, ಲೈಲ್. ಬೇಕಾದ್ರೆ ಬೈ...

ಸರಿ. ಮಿನುಗಿದ್ದು ಆ ನಕ್ಷತ್ರ. ನಿನ್ನ ಗೆಲಾಕ್ಸಿ ಇವತ್ತೂ ಕಮಕ್ ಕಿಮಕ್ ಅಂದಿಲ್ಲ. ನನಗೆ ಬೆಳಿಗ್ಗೆನೇ ಗೊತ್ತಿತ್ತು. ಬೇಕಂತಲೇ ವೃತ್ತ ದೊಡ್ಡದು ಮಾಡಿ ಅದನ್ನೂ ಒಳಗೆ ಸೇರಿಸ್ದೆ. ಪೇಪರ್ ಬರೀತಿರಲಿಲ್ಲ, ನನ್ನಾಣೆ! ಶುಕ್ರವಾರ ಒಂದು ದಾಟಲಿ, ಆಮೇಲೆ "ಅಯ್ಯೋ, ತಪ್ಪಾಯ್ತು" ಅಂದ್ರಾಯ್ತು ಅಂತ... ಗೊತ್ತು, ಗೊತ್ತು! ನನ್ನ ಕೈಕೆಳಗೆ ಓದೋ ಹುಡುಗರು ಹೀಗೆ ಮಾಡಿದ್ರೆ ನಾನೇ ಕಿವಿ ಹಿಂಡ್ತಿದ್ದೆ.

ಆದ್ರೆ ನೀನು ಹೋಗೋದು ನನಗೆ ಇಷ್ಟ ಇಲ್ಲ ಕಣೋ. ಇಷ್ಟು ವರ್ಷ ಆ ಕಡೆ ರೂಮಿಂದ ನೀನು ಗೋಡೆ ಕುಟ್ಟೋದು, ಈ ಕಡೆಯಿಂದ ನಾನು ಕಾಫಿ ಹಿಡ್ಕೊಂಡು ಬರೋದು... ಸೋಮವಾರ ಯಾರು ಕುಟ್ತಾರೆ, ಹೇಳು?