ಹೆಡ್‌ಫೋನಿಗೆ ಬೆಸೆದ ಮೈಕು

ವಿಮಾನ ಅಪಘಾತದ ವಿಚಾರಣೆ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಣ್ಣ ತಂಗಿ ಕೂತಿದ್ದರು. ತಂಗಿ ಪೈಲಟ್. ಅಣ್ಣನ ಕೈಯಲ್ಲಿ ಹೊರಗಿನ ಸದ್ದು ಅಡಗಿಸುವ, ಹಾಡು ಕೇಳುವ ಹೆಡ್‌ಫೋನ್. ಅದಕ್ಕೊಂದು ಮೈಕು ಬೆಸೆಯಲಾಗಿತ್ತು.

“ಎಂಜಿನ್ ಸದ್ದಿಗೆ ತಲೆ ಸಿಡಿಯುತ್ತೆ ಅಂತ ನಾನೇ ಹಠ ಹಿಡಿದು ನಿನ್ನ ಕೈಲಿ ಮಾಡಿಸ್ಕೊಂಡಿದ್ದು, ಬಿಡಣ್ಣ.”

“ವಿಮಾನ ಇಳಿಯೋವಾಗ ಚಕ್ರ ಇಳಿಸಿಲ್ಲ ಅಂತ ಕೂಗೋ ಅಲಾರಂನೂ ಇದು ನುಂಗುತ್ತೆ ಅಂತ ನಂಗೆ ಹೊಳೀಬೇಕಿತ್ತು ಕಣೇ.”

“ಹಿಂದೆ ಕೂತಿದ್ದ ಡಾಕ್ಟ್ರು ಇನ್ನೂ ಎದ್ದು ನಿಂತಿಲ್ವಂತೆ.”

“ಗೊತ್ತು.”

“ಮನೇಲಿ ಪರೀಕ್ಷೆ ಮಾಡಿದ್ವಲ್ಲ?”

“ಮಾಡಿದ್ವಿ. ಮಿಕ್ಸಿ ಹಾಕಿದ್ವಿ. ಅಮ್ಮ ನಿನ್ನ ಬೆನ್ನಹಿಂದೆ ನಿಂತು ಕೂಗಿದ್ರೂ ನಿಂಗೆ ಕೇಳಿಸ್ಲಿಲ್ಲ. ಗೆದ್ವಿ ಅಂತ ಕುಣಿದಾಡಿದ್ವಿ.”

ಒಳಗಿನಿಂದ ಪೈಲಟ್‌ಗೆ ಕರೆ ಬಂತು. ತಂಗಿ ಹೆಡ್‌ಫೋನಿಗೆ ಕೈ ಚಾಚಿದಳು. ಅಣ್ಣ ಕೊಡಲಿಲ್ಲ, ಅದನ್ನು ಎದೆಗವಚಿಕೊಂಡು ಅವಳಿಗಿಂತ ಮೊದಲೇ ಒಳಗೆ ನಡೆದ.