ಕೆಳಗೆ ಬೀಳದ ಬಾಬಿನ್

ಇದು ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು. ನಗುವವರು ಈಗಲೇ ಎದ್ದು ಹೋಗಿ.

ಅವಳು ನನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾ ಪರೀಕ್ಷೆಗೆ ಓದುತ್ತಿದ್ದಳು. ಭೌತಶಾಸ್ತ್ರದಲ್ಲಿ ಆಗಲೇ ಫೇಲಾಗಿದ್ದಳು. ಇದು ಕೊನೆಯ ಸಲ. ಇದೂ ಹೋದರೆ ನರ್ಸಿಂಗ್ ಆಸೆ ಬಿಟ್ಟು, ಜನ್ಮವಿಡೀ ಗುಂಡಿ.

ಬಾವಿ ಪಕ್ಕದ ಮನೆಯ ಮೇಷ್ಟ್ರು ಬದುಕಿದ್ದಾಗ ಅವರ ಹತ್ತಿರ ಹೋಗಿದ್ದಳು. ಮೇಲಕ್ಕೆ ಎಸೆದ ಚೆಂಡು ಯಾವಾಗ ಕೆಳಗೆ ಬೀಳುತ್ತದೆ ಅನ್ನುವ ಲೆಕ್ಕ. ಆ ಮನುಷ್ಯ ಕೆಂಪು ಪೆನ್ನಿನಲ್ಲಿ ಕರ್ರ್... ಅಂತ ಅಡ್ಡಗೆರೆ ಎಳೆದರು.

"ಎಲ್ಲಿ ತಪ್ಪು ಸಾರ್?"

"ಗುಂಡಿ ಹಾಕೋಳಿಗೆ ಅದೆಲ್ಲ ಯಾಕೆ?"

ಆಮೇಲೆ ಮೇಷ್ಟ್ರು ಸತ್ತರು. ಮನೆಗೆ ಬೀಗ ಬಿತ್ತು. ಬಾವಿಗೆ ತಗಡು ಮುಚ್ಚಿದರು.

ಪರೀಕ್ಷೆಯ ಹಿಂದಿನ ರಾತ್ರಿ. ಅಂಗಡಿ ಮುಚ್ಚಿ ಇವಳು ಒಬ್ಬಳೇ ಬರುತ್ತಿದ್ದಳು, ಅದೇ ಲೆಕ್ಕ ಗುನುಗುತ್ತಾ. ಬಾವಿ ಹತ್ತಿರ...

ಕರ್ರ್...

ನಿಂತಳು.

"ತಪ್ಪು." ಕಿವಿಯ ಪಕ್ಕದಲ್ಲೇ.

"ಯಾ... ಯಾರು?"

"ಕೈಯಲ್ಲೇನು?"

"ಬಾಬಿನ್. ಅಕ್ಕನ ಮಷಿನ್‌ದು." ಹಸಿರು ದಾರ ಸುತ್ತಿದ್ದ ಪುಟ್ಟ ಉಕ್ಕಿನ ಉರುಳೆ. ಮರೆತು ಹಿಡಿದುಕೊಂಡೇ ಬಂದಿದ್ದಳು.

"ಬಾವಿ ಮೇಲೆ ನೆಟ್ಟಗೆ ಮೇಲಕ್ಕೆ ಎಸಿ."

ಎಸೆದಳು. ತಗಡಿನ ಮೇಲೆ ಠಣ್ ಅನ್ನಬೇಕಲ್ಲ? ಕಿವಿಗೊಟ್ಟು ಕಾದಳು... ಜೀರುಂಡೆ ಕೂಡ ಸುಮ್ಮನಾಯಿತು... ಏನೂ ಬೀಳಲಿಲ್ಲ.

ಕತ್ತಲಲ್ಲಿ ಯಾರೋ ಹಲ್ಲು ಬಿಟ್ಟು ನಕ್ಕ ಹಾಗೆ, ಹಿಸ್ ಹಿಸ್ ಅಂತ ಉಸಿರು.

"ನಿನ್ನ ಲೆಕ್ಕದಲ್ಲಿ ಅದು ಬೀಳೋದೇ ಇಲ್ಲ. ನಾಳೆನೂ ಹಾಗೇ ಬರಿ. ಫೇಲಾಗು."

ನಮ್ಮ ಮನೆತನದವಳೇ ತಾನೇ! "ಬೀಳಿಸಿ ತೋರಿಸ್ತೀನಿ ನೋಡ್ತಿರಿ!" ಅಂದು ಎದ್ದೆನೋ ಬಿದ್ದೆನೋ ಅಂತ ಓಡಿ ಬಂದಳು.

ರಾತ್ರಿಯಿಡೀ ಮಲಗಲಿಲ್ಲ. ಬೆಳಗಿನ ಜಾವ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ಅಕ್ಕಾ, ಭೂಮಿ ಕೆಳಕ್ಕೆ ಎಳೆಯುತ್ತೆ. ನಾನು ಅದನ್ನ ಮೇಲಕ್ಕೆ ಅಂತ ಬರೀತಿದ್ದೆ. ಅಲ್ಲಿ ಮೈನಸ್ ಹಾಕಬೇಕು!"

"ಅದಿರಲಿ, ನಿನ್ನೆ ನಿನ್ನ ಕೈಗೆ ಕೊಟ್ಟಿದ್ದ ಬಾಬಿನ್ ಎಲ್ಲೇ?" ಅಂದೆ.

ಆಗ ಎಲ್ಲಾ ಹೇಳಿದಳು. ನಾನು ನಂಬಲಿಲ್ಲ, ಬೈದೆ. ಒಂದು ಬಾಬಿನ್ ಕಳೆದದ್ದಕ್ಕೆ ಇಷ್ಟುದ್ದ ಕತೆಯೇ ಅಂತ.

ಅವಳನ್ನು ಪರೀಕ್ಷೆಗೆ ಕಳಿಸಿ, ಹುಡುಕಿಯೇ ತರುತ್ತೇನೆ ಅಂತ ಬಾವಿ ಹತ್ತಿರ ಹೋದೆ. ತಗಡಿನ ಮೇಲೆ ಇಲ್ಲ, ಸುತ್ತ ಹುಲ್ಲಿನಲ್ಲೂ ಇಲ್ಲ. ಹುಡುಕಿ ಸಾಕಾಗಿ ಸೊಂಟ ನೆಟ್ಟಗೆ ಮಾಡಿದೆ. ಅಷ್ಟರಲ್ಲಿ ಶಾಲೆಯ ಕಡೆಯಿಂದ, ಪರೀಕ್ಷೆ ಶುರುವಾದ ಅರ್ಧ ತಾಸಿಗೆ ಹೊಡೆಯುವ ಮೊದಲ ಗಂಟೆ ಕೇಳಿಸಿತು.

ಠಣ್!

ನನ್ನ ಕಣ್ಣೆದುರಿಗೇ. ತಗಡಿನ ಮೇಲೆ ಗಿರಗಿರ ತಿರುಗಿ ನಿಂತಿತು. ಹಸಿರು ದಾರ. ಮೇಲೆ ನೋಡಿದೆ... ಮರವಿಲ್ಲ, ಮಹಡಿಯಿಲ್ಲ, ಒಂದು ಕಾಗೆಯೂ ಇಲ್ಲ.

ಸಂಜೆ ಅವಳನ್ನು ಕೇಳಿದ್ದು ಒಂದೇ ಮಾತು. ಆ ಲೆಕ್ಕ ಯಾವಾಗ ಬರೆದೆ? "ಅದೇ ಲೆಕ್ಕ ಬಂದಿತ್ತು, ಅದನ್ನೇ ಮೊದಲು ಬರೆದೆ ಅಕ್ಕಾ. ಮೈನಸ್ ಎಳೆದೆ, ಮೊದಲ ಗಂಟೆ ಹೊಡೀತು."

ಪಾಸಾದಳು. ಈಗ ನರ್ಸು. ನಾನು ಯಾರಿಗೂ ಹೆದರಿ ಬದುಕಿದವಳಲ್ಲ, ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಆ ಬಾಬಿನ್ ಕೈಗೆ ತೆಗೆದುಕೊಂಡವಳು ನಾನು. ಬಿಸಿಲಿಗೆ ತಗಡು ಸುಡುತ್ತಿತ್ತು. ದಾರದ ಮೇಲೆ ಮಾತ್ರ ಮಂಜು ಕಟ್ಟಿತ್ತು.