ರಿಪೇರಬಲ್ ಅಂದರೆ ಸತ್ತಿಲ್ಲ ಅಂತ

"ಹಲೋ... ಪಾಸ್ಕೋ ಗ್ಯಾರೇಜು. ಯಾರು ಮಾತಾಡೋದು?... ಗ್ಲೆನಿಸ್? ಅಳ್ತಿದೀಯಾ? ಮೊನ್ನೆ ಬೌಲ್ಸ್ ಆಟದಲ್ಲಿ ನನ್ನ ಸೋಲಿಸಿ ಅಳಿಸಿದವಳು ನೀನೇ ಅಲ್ವಾ?"

ನೆವ್ ಪಾಸ್ಕೋ ಸುತ್ತಿಗೆಯನ್ನು ಕೆಳಗಿಟ್ಟು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ. ನಲವತ್ತು ವರ್ಷದಿಂದ ಆ ಗೋಧಿ ಸೀಮೆಯ ನೆಗ್ಗಿದ ಗಾಡಿಗಳನ್ನೆಲ್ಲ ತಟ್ಟಿ ನೆಟ್ಟಗೆ ಮಾಡುತ್ತ ಬಂದವನು. ಅಳು ಕೇಳಿಯೇ ಪೆಟ್ಟು ಎಲ್ಲಿ ಬಿದ್ದಿದೆಯೆಂದು ಹೇಳಬಲ್ಲ.

"ಹಾಂ... ಕಾಂಗರೂ ನಿನ್ನ ಪಿಕಪ್ ಯೂಟ್‌ಗೆ ಗುದ್ದಿದ್ದು ಊರಿಗೇ ಗೊತ್ತು. ಈಗೇನಾಯ್ತು?... ವಿಮೆಯವರ ಕಾಗದಾನಾ? ಓದು..."

"ತಡಿ, ತಡಿ. 'ರೈಟ್-ಆಫ್', ಗಾಡಿನ ಲೆಕ್ಕದಿಂದ ತೆಗೆದಿದ್ದಾರೆ, ಸರಿ, ಅದಕ್ಕೆ ಮುಂಚೆ ಏನಿದೆ? ಕನ್ನಡಕ ಹಾಕ್ಕೊ... 'ರಿಪೇರಬಲ್' ಅಂತಿದೆಯಾ? ಅಯ್ಯೋ ಹುಚ್ಚಿ!"

"ಅಲ್ಲ, ಅವರು ರಿಪೇರಿ ಮಾಡಿಸಿ ಕೊಡ್ತಾರೆ ಅಂತಲ್ಲ. ಮಾಡಿದ್ರೆ ಆಗುತ್ತೆ ಅಂತ. ಅವರಿಗೆ ಗಿಟ್ಟಲ್ಲ, ಅಷ್ಟೇ. ಡಾಕ್ಟ್ರು ಕೈ ಬಿಟ್ಟಿದ್ದಾರೆ, ಹೆಣ ಅಂತ ಬರೆದಿಲ್ಲ... ರೈಟ್-ಆಫಲ್ಲಿ ಇನ್ನೊಂದು ಜಾತಿ ಇದೆ, ಅದು ಮತ್ತೆ ರಸ್ತೆ ಕಾಣೋ ಹಾಗೇ ಇಲ್ಲ. ಅದಾಗಿದ್ರೆ ನಾನೂ ಅಳ್ತಿದ್ದೆ."

"ಬೇರೇದಕ್ಕೂ 'ರಿಪೇರಬಲ್' ಅನ್ನಬಹುದಾ ಅಂತನಾ?... ಅನ್ನು. ಬೂಟು ರಿಪೇರಬಲ್, ಪಂಪು ರಿಪೇರಬಲ್. ನನ್ನ ಮಂಡಿ ಅಲ್ಲ."

"ಏನು? ಗಾಡಿ ಎಳ್ಕೊಂಡು ಹೋಗೋಕೆ ವಿಮೆಯವರ ಲಾರಿ ಬಂದಿದೆಯಾ? ಅಂಗಳದಲ್ಲೇ?... ಡ್ರೈವರ್ ಸರಪಳಿನೂ ಹಾಕಿದ್ನಾ? ಗಾಡಿ ಬಿಟ್ಟುಕೊಡ್ತೀನಿ ಅಂತ ನೀನು ಸಹಿ ಹಾಕಿದ್ಯಾ?... ಇಲ್ಲ ತಾನೇ? ಬದುಕಿದೆ!"

ಈಗ ನೆವ್ ನೆಟ್ಟಗೆ ನಿಂತ. ಸೋಮವಾರ ಗ್ಲೆನಿಸಳ ಗೋಧಿ ಕೊಯ್ಲು. ನೀರಿನ ಟ್ಯಾಂಕು, ಪಂಪು ಹೊತ್ತ ಯೂಟ್ ಹೊಲದಂಚಿಗೆ ನಿಲ್ಲದೆ ಕೊಯ್ಲಿನ ಯಂತ್ರ ಒಂದು ಸುತ್ತೂ ಹೊಡೆಯುವಂತಿಲ್ಲ. ಒಂದು ಕಿಡಿ ಹಾರಿದರೆ ಊರೇ ಹೊತ್ತಿಕೊಳ್ಳುತ್ತದೆ. ಕೊಯ್ಲಿನ ಹೊತ್ತಲ್ಲಿ ಯಾರ ಯೂಟೂ ಖಾಲಿ ಇರುವುದಿಲ್ಲ.

"ಕೇಳು. ರೇಡಿಯೇಟರು, ಒಂದು ದೀಪ, ಮೂತಿ. ಶನಿವಾರಕ್ಕೆ ಮಾಡಿ ಕೊಡ್ತೀನಿ. ಹೊಲಕ್ಕೆ ಅಷ್ಟು ಸಾಕು, ರಸ್ತೆಗಿಳಿಸೋ ತಪಾಸಣೆ ಕೊಯ್ಲಾದ ಮೇಲೆ. ಫೋನ್ ಅವನಿಗೆ ಕೊಡು..."

"ಹಲೋ, ಯಾರಪ್ಪ?... ಬ್ರೂನೊ, ಗಾಡಿ ಒಡತಿ ತಾನೇ ಇಟ್ಕೋತಾಳೆ... ನಿನ್ನ ಚೀಟೀಲಿ ಹಾಗಿಲ್ಲ, ಗೊತ್ತು. ವಿಮೆ ಆಫೀಸಿಗೆ ಫೋನ್ ಮಾಡು, ಅವಳಿಗೆ ಆ ಹಕ್ಕಿದೆ... ನನ್ನ ಮಾತು ಸಾಲದಾ? ಅವಳ ಬಾಯಿಂದಲೇ ಬರಬೇಕಾ? ನ್ಯಾಯ. ಕೊಡು ಅವಳಿಗೆ."

"ಗ್ಲೆನಿಸ್, ಗಾಡಿ ನನ್ನದು, ಬಿಡಲ್ಲ ಅಂತ ಹೇಳು... ಇದೇನು, ಚರ್ಚಲ್ಲಿ ಪಿಸುಗುಟ್ಟಿದ ಹಾಗೆ? ಕುರಿಗಳನ್ನ ಕೂಗಿ ಕರೀತೀಯಲ್ಲ, ಆ ದನೀಲಿ!..."

ನೆವ್ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯಬೇಕಾಯಿತು. ಆಮೇಲೆ ಬ್ರೂನೊ ತನ್ನ ಫೋನಿನಲ್ಲಿ ಆಫೀಸಿನವರೊಂದಿಗೆ ಗೊಣಗುವುದು ಕೇಳಿಸಿತು. ಕೊನೆಗೆ ಕಬ್ಬಿಣ ಝಣಝಣ ನೆಲಕ್ಕೆ ಬಿದ್ದ ಸದ್ದು.

"ಬಿಚ್ಚಿದ್ನಾ?... ಬಿಚ್ಚಿದ್ನಾ ಅಂದೆ?... ಶಭಾಷ್!... ಈಗ್ಯಾಕೆ ಮತ್ತೆ ಅಳು?... ಅವನಿಗೆ ಚಹಾನಾ? ಕೊಡು ಕೊಡು, ಕೇಕೂ ಕೊಡು. ಆದ್ರೆ ಅಡುಗೆಮನೆ ಒಳಗೆ ಹೋಗ್ಬೇಡ ಮಾರಾಯ್ತಿ, ಅಲ್ಲಿ ಸಿಗ್ನಲ್ ಸಿಗಲ್ಲ... ರೇಡಿಯೇಟರ್ ತರಿಸ್ಬೇಕು, ಗಾಡಿ ಯಾವ ವರ್ಷದ್ದು?... ಗ್ಲೆನಿಸ್?... ಹಲೋ?..."